ಓಟದ ನೋವೆಂದುಕೊಂಡ ಜ್ವರ

ಕಾಲು ನೋಯುತ್ತಿದೆ ಎಂದು ಹೇಳಿಕೊಳ್ಳುವುದೇ ಹೆಮ್ಮೆಯಾಗಿರುವ ಒಂದು ಜಾತಿಯ ಜನರಿದ್ದಾರೆ. ಆ ಜಾತಿಗೆ ನಾನು ಸೇರಿ ಕೆಲವು ವರ್ಷಗಳಾದವು. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಮೆಟ್ಟಿಲನ್ನು ಕುಂಟುತ್ತ ಹತ್ತುವುದು, ಯಾರಾದರೂ "ಏನಾಯ್ತು ಮ್ಯಾಡಂ?" ಎಂದು ಕೇಳಲಿ ಎಂದು ಕಾಯುವುದು, ಕೇಳಿದ ಕೂಡಲೇ "ಏನಿಲ್ಲ, ನಿನ್ನೆ ಸ್ವಲ್ಪ ಓಡಿದ್ದೆ" ಎಂದು ಸುಮ್ಮನಾಗುವುದು. ಇದರ ಸುಖವನ್ನು ಓಡದವರಿಗೆ ಹೇಳಿ ತಿಳಿಸಲಾಗದು. ಇದನ್ನು ಓದುವವರಲ್ಲಿ ನಮ್ಮ ಜಾತಿಯವರಿದ್ದರೆ ಹೆದರಬೇಡಿ, ನಿಮ್ಮ ಬೂಟು ಕಸಿದುಕೊಳ್ಳಲು ನಾನು ಬಂದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಫ್ಯಾನ್ ನೋಡುತ್ತ ಮಲಗಿದವರಿದ್ದರೆ ಅವರ ಪಕ್ಕ ಒಂದು ಗಳಿಗೆ ಕೂತು ಹೋಗೋಣವೆಂದು ಬಂದಿದ್ದೇನೆ.

ನಾನು ಗದಗಿನವಳು. ಕೆಲಸ ಕೊಚ್ಚಿಯ ಕಾಕ್ಕನಾಡಿನ ಬ್ಯಾಂಕ್ ಶಾಖೆಯಲ್ಲಿ. ಗಂಡ ಬಸವರಾಜ ಕೇಂದ್ರ ಸರ್ಕಾರದ ಕಚೇರಿಯಲ್ಲಿ, ತಿರುವನಂತಪುರದಲ್ಲಿ. ಒಂದು ಶನಿವಾರ ನಾನು ಮಗಳನ್ನು ಕರೆದುಕೊಂಡು ದಕ್ಷಿಣದ ರೈಲು ಹತ್ತುತ್ತೇನೆ, ಇನ್ನೊಂದು ಶನಿವಾರ ಅವರು ಉತ್ತರದ ರೈಲು ಹತ್ತುತ್ತಾರೆ. ಮಗಳು ಅನನ್ಯಾಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ. ಬಾಯಿ ತೆರೆದರೆ ಮಾತ್ರ ಮಲಯಾಳಂ ಬರುತ್ತದೆ, ಸಿಟ್ಟು ಬಂದರೆ ಇಂಗ್ಲಿಷ್.

ಕಾಕ್ಕನಾಡಿನಲ್ಲಿ ನಮ್ಮದೊಂದು ಓಟದ ಗುಂಪಿದೆ. ಕಂಪನಿ ಕ್ಯಾಬುಗಳು ರಸ್ತೆಗಿಳಿಯುವ ಮೊದಲೇ ಕಲೆಕ್ಟರೇಟ್ ಬಳಿ ಸೇರಿ ಓಡುತ್ತೇವೆ. ಗುಂಪಿನ ಹಿರಿಯ ಬಿಜು ಚೇಟ್ಟನ್, ಅಂದರೆ ಬಿಜು ಅಣ್ಣ. ಮ್ಯಾರಥಾನ್ ಎಂದರೆ ಅವರಿಗೆ ಬೆಳಗಿನ ಚಹಾ ಇದ್ದ ಹಾಗೆ, ನಿಜವಾದ ಊಟ ಅದಕ್ಕೂ ಉದ್ದದ ಓಟ. ಅವರ ಮಾತಿಗೆ ಮರುಳಾಗಿ ಆ ವರ್ಷ ನಾನು ಒಂದರ ಹಿಂದೊಂದು ದೀರ್ಘ ಓಟಗಳಿಗೆ ಹೆಸರು ಕೊಟ್ಟೆ. ಅನ್ನ, ರೊಟ್ಟಿ ಬಿಟ್ಟರೆ ದೇಹ ಕೊಬ್ಬನ್ನೇ ಕರಗಿಸಿ ಓಡುವುದನ್ನು ಕಲಿಯುತ್ತದೆ ಎಂದು ಗುಂಪಿನಲ್ಲಿ ಯಾರೋ ಹೇಳಿದರು. ಬಿಟ್ಟೆ. ಜೋಳದ ರೊಟ್ಟಿ ತಿಂದು ಬೆಳೆದವಳು ರೊಟ್ಟಿ ಬಿಟ್ಟಳು ಎಂದರೆ ಗದಗಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ದೇಹ ಹೇಳಬೇಕಾದ್ದನ್ನೆಲ್ಲ ಹೇಳಿತು. ಕೊಚ್ಚಿಯ ಸೆಕೆಯಲ್ಲಿ ಬ್ಯಾಂಕಿಗೆ ಸ್ವೆಟರ್ ಒಯ್ಯತೊಡಗಿದೆ. ಬಾಚಣಿಗೆಯಲ್ಲಿ ಕೂದಲು ಉಂಡೆ ಕಟ್ಟಿತು. ತಿಂಗಳ ಮುಟ್ಟು ತಪ್ಪಿತು, ವಯಸ್ಸಾಯಿತು ಎಂದುಕೊಂಡೆ. ನಾಡಿ ಎಷ್ಟು ನಿಧಾನವಾಯಿತೆಂದರೆ ಕೈಗಡಿಯಾರವೇ ಎಚ್ಚರಿಕೆಯ ಸದ್ದು ಮಾಡುತ್ತಿತ್ತು. ಪ್ರತಿ ಓಟ ಮುಗಿದ ಮೇಲೂ ಬಾಯಿ ತುಂಬ ಹುಣ್ಣು, ವಾರಗಟ್ಟಲೆ ಸೋರುವ ಮೂಗು. ನಮ್ಮ ಗುಂಪಿನಲ್ಲಿ ಇವಕ್ಕೆಲ್ಲ ಮರ್ಯಾದೆಯ ಹೆಸರುಗಳಿದ್ದವು. ನಿಧಾನ ನಾಡಿಗೆ ಕುದುರೆಯ ಹೃದಯ ಎನ್ನುತ್ತಿದ್ದೆವು, ಮೂಗು ಸೋರಿದರೆ ಓಟದ ನೆಗಡಿ. ಯಾರಿಗಾದರೂ ಜ್ವರ ಬಂತೆಂದರೆ "ಹೇಗಿದ್ದೀರಿ" ಎಂದು ಕೇಳುವ ಪದ್ಧತಿಯೇ ಇರಲಿಲ್ಲ. "ಮುಂದಿನ ಓಟ ಯಾವುದು?" ಎಂದು ಕೇಳುತ್ತಿದ್ದೆವು.

ಆ ವರ್ಷದ ಕೊನೆಯ ಓಟ ತಿರುವನಂತಪುರದ ಒಂದು ಕಾಲೇಜು ಮೈದಾನದಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ, ಹನ್ನೆರಡು ಗಂಟೆ ಒಂದೇ ಮೈದಾನವನ್ನು ಸುತ್ತಬೇಕು. ಯಾರು ಹೆಚ್ಚು ಸುತ್ತಿದರೋ ಅವರು ಗೆದ್ದಂತೆ. ಓಟಗಾರರಿಗೆ ತಿನ್ನಲು ಕುಡಿಯಲು ಕೊಡಲು ಮನೆಯವರೊಬ್ಬರು ಅಂಚಿನಲ್ಲಿ ಮೇಜು ಹಾಕಿಕೊಂಡು ಕೂರುವುದು ಈ ಓಟಗಳ ವಾಡಿಕೆ. ನನ್ನ ಮೇಜಿಗೆ ಬಸವರಾಜರೇ ಕೂತರು, ಶೇಂಗಾ ಉಂಡಿಯ ಡಬ್ಬಿ, ಒಂದು ಕೊಡೆ, ಒಂದು ದಿನಪತ್ರಿಕೆ ಹಿಡಿದು.

ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯಿತು. ಮೈದಾನದ ಒಂದು ಮೂಲೆಯಲ್ಲಿ ಚರಂಡಿ ಉಕ್ಕಿ ಕಣಕಾಲಿನವರೆಗೆ ನೀರು ನಿಂತಿತು. ಪ್ರತಿ ಸುತ್ತಿನಲ್ಲೂ ಆ ನೀರಿನಲ್ಲೇ ಹಾಯಬೇಕು. ಪಾದದ ಗುಳ್ಳೆಗಳು ಒಡೆದು ಕಾಲುಚೀಲಕ್ಕೆ ಅಂಟಿದ್ದವು. ನೋವಿನ ಮಾತ್ರೆಯೊಂದನ್ನು ನುಂಗಿದೆ, ಆಮೇಲೆ ಇನ್ನೊಂದನ್ನು.

"ಉಂಡಿ ತಿನ್ನು" ಎಂದರು ಬಸವರಾಜ.

"ಹೊಟ್ಟಿ ಒಲ್ಲೆ ಅಂತೈತ್ರಿ."

"ಇಷ್ಟು ಓಡಿ ಎಲ್ಲಿಗೆ ಹೋಗಬೇಕಾಗೈತಿ ನಿನಗ? ಸುತ್ತಿ ಸುತ್ತಿ ನನ್ನ ಹತ್ರನ ಬರ್ತೀಯಲ್ಲ!"

ನಗಲು ಶಕ್ತಿ ಇರಲಿಲ್ಲ, ಆದರೂ ನಕ್ಕೆ. ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ದಿನದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹೊಟ್ಟೆ ಬಾಗಿಲು ಹಾಕಿಕೊಂಡ ಮೇಲೂ ದೇಹ ತನ್ನ ಉಗ್ರಾಣವನ್ನು ತಾನೇ ತೆರೆದು, ಇದ್ದುದನ್ನು ಬಾಚಿ ಬಾಚಿ ಕಾಲಿಗೆ ಕೊಟ್ಟಿತು. ಇನ್ನು ಆಗದು ಎಂದು ಮನಸ್ಸು ಕೈಚೆಲ್ಲಿದ ಮೇಲೂ ಅದು ಓಡಿತು. ಇಂಥದ್ದೊಂದು ದೇಹವನ್ನು ನನಗೆ ಯಾರು ಕೊಟ್ಟರೋ ಅವರಿಗೆ ಕೈಮುಗಿಯಬೇಕು ಎಂದು ಮಳೆಯಲ್ಲಿ ಓಡುತ್ತಲೇ ಅನಿಸಿ ಅತ್ತಿದ್ದೆ.

ಪದಕದೊಂದಿಗೆ ಕಾಕ್ಕನಾಡಿಗೆ ಮರಳಿದೆ, ಸೋಮವಾರ ಕುಂಟಿದೆ, ಎಲ್ಲ ಎಂದಿನಂತೆ. ಕಾಲು ನೋವು ಕಡಿಮೆಯೂ ಆಯಿತು. ಒಂದು ವಾರ ಕಳೆದ ಮೇಲೆ ಅದೇ ನೋವು ಹಿಂತಿರುಗಿತು. ಮೀನಖಂಡವನ್ನು ಮುಟ್ಟಿದರೆ ಕೂಗಿಕೊಳ್ಳುವಷ್ಟು ನೋವು, ಜೊತೆಗೆ ಚಳಿಜ್ವರ. ಗುಂಪಿನ ವಾಟ್ಸಾಪಿಗೆ ಹಾಕಿದೆ. ಉತ್ತರಗಳ ಮಳೆ ಸುರಿಯಿತು. "ಅಕ್ಕಾ, ಸ್ನಾಯು ಕಟ್ಟಿಕೊಳ್ತಿದೆ, ಅದು ಒಳ್ಳೇ ಲಕ್ಷಣ." "ರೋಲರ್ ಮೇಲೆ ಕಾಲು ಉರುಳಿಸಿ." ಬಿಜು ಚೇಟ್ಟನ್ ಮಾತ್ರ ಅನುಭವಿಗಳ ಗಾಂಭೀರ್ಯದಿಂದ "ಸುಮ್ಮನೆ ಮಲಗಿದರೆ ಇನ್ನೂ ಬಿಗಿಯುತ್ತದೆ, ನಿಧಾನವಾಗಿ ಒಂದು ಸುತ್ತು ಓಡಿ" ಎಂದು ಬರೆದರು. ಓಡಿದೆ. ಬಂದು ರೋಲರ್ ಎಂಬ ಗಟ್ಟಿ ಉರುಳೆಯ ಮೇಲೆ ಕಾಲು ಉರುಳಿಸಿದೆ, ನೋವಿಗೆ ಅತ್ತುಬಿಟ್ಟೆ, ಇನ್ನೊಂದು ನೋವಿನ ಮಾತ್ರೆ ನುಂಗಿದೆ. ಮೂತ್ರ ಕಟ್ಟಂಚಾಯದ ಬಣ್ಣಕ್ಕೆ, ಅಂದರೆ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸಾಲದು ಎಂದುಕೊಂಡೆ. ನಮ್ಮ ಜಾತಿಯಲ್ಲಿ ಎಲ್ಲಕ್ಕೂ ಓಟವೇ ಕಾರಣ, ಓಟವೇ ಮದ್ದು.

ಆ ಶನಿವಾರ ನಮ್ಮ ಸರದಿ. ಜ್ವರದಲ್ಲೇ ಅನನ್ಯಾಳ ಭುಜಕ್ಕೆ ಒರಗಿ ರೈಲಿನಲ್ಲಿ ಕೂತೆ. ತಿರುವನಂತಪುರದ ನಿಲ್ದಾಣದಲ್ಲಿ ಬಸವರಾಜ ನನ್ನ ಕೈಯಿಂದ ಚೀಲ ತೆಗೆದುಕೊಂಡವರು ನನ್ನ ಮುಖ ನೋಡಿ ಅದನ್ನು ಕೆಳಗಿಟ್ಟರು.

"ಕಣ್ಣು ಯಾಕ ಹಿಂಗ ಕೆಂಪಾಗ್ಯಾವ?"

"ನಿದ್ದಿ ಆಗಿಲ್ರಿ."

"ನಿದ್ದಿ ಆಗಲಿಲ್ಲಂದ್ರ ಕಣ್ಣಿನ ಬಿಳಿ ಹಳದಿನೂ ಆಗ್ತೈತೇನು?"

"ಓಟದ ನೋವ್ರಿ ಇದು. ಎಲ್ಲಾರಿಗೂ ಆಗ್ತೈತಿ."

"ಓಟ ಮುಗದು ಎಷ್ಟು ದಿನ ಆತು? ಕಾಲು ಇನ್ನೂ ಓಡಾಕತ್ತಾವೇನು?"

ಅವರು ಜೀವಮಾನದಲ್ಲಿ ಬಸ್ಸಿನ ಹಿಂದೆಯೂ ಓಡಿದವರಲ್ಲ. ನಮ್ಮ ಗುಂಪಿನವರೆಲ್ಲ ನನ್ನಲ್ಲಿ ಓಟಗಾರ್ತಿಯನ್ನು ಕಂಡಿದ್ದರು, ಬಸವರಾಜ ಕಾಯಿಲೆ ಬಿದ್ದ ಹೆಂಡತಿಯನ್ನು ಕಂಡರು. ಆಟೋ ಮನೆಯ ಕಡೆ ಹೋಗದೆ ಆಸ್ಪತ್ರೆಯ ಕಡೆ ತಿರುಗಿತು.

ಕಾಯುವ ಕೋಣೆಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ನನ್ನನ್ನು ನೋಡಿ ವಯಸ್ಸಾದ ಒಬ್ಬರು ಎದ್ದು ಜಾಗ ಕೊಟ್ಟರು. ಹನ್ನೆರಡು ಗಂಟೆ ಕೂರದೆ ಓಡಿದ್ದವಳು ಎರಡು ನಿಮಿಷ ನಿಲ್ಲಲಾರದೆ ಅಲ್ಲಿ ಕುಸಿದೆ. ಭಯ ಮೊದಲು ಬಂದದ್ದು ಆಗ.

ಮೂತ್ರದ ಬಣ್ಣ ಕೇಳಿ ನಮ್ಮನ್ನು ಡಾಕ್ಟರ್ ಲೀನಾ ಹತ್ತಿರ ಕಳಿಸಿದರು, ಅವರು ಮೂತ್ರಪಿಂಡದ ತಜ್ಞೆ. ಗುಂಡಗಿನ ಮೈ, ದೊಡ್ಡ ನಗು, ಎಲ್ಲ ಹೆಂಗಸರನ್ನೂ "ಮೋಳೇ" ಎಂದು, ಮಗಳೇ ಎಂದು ಕರೆಯುವವರು. ನನ್ನ ಮೀನಖಂಡವನ್ನು ಒಮ್ಮೆ ಒತ್ತಿ, ನಾನು ಚೀರಿದ್ದನ್ನು ಕೇಳಿ, ಕಣ್ಣರೆಪ್ಪೆ ಎಳೆದು ನೋಡಿದರು.

"ಇತ್ತೀಚೆಗೆ ಎಲ್ಲಾದರೂ ಕೊಳಚೆ ನೀರಲ್ಲಿ ನಿಂತಿದ್ರಾ ಮೋಳೇ?"

ನನಗಿಂತ ಮೊದಲು ಬಸವರಾಜ ಉತ್ತರಿಸಿದರು. "ನಿಂತಿದ್ದಿಲ್ಲ ಡಾಕ್ಟರ್, ಓಡಿದಳು. ಇಡೀ ದಿನ."

ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಎಲಿಪ್ಪನಿ ಎಂದರು. ಇಲಿಜ್ವರ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಇಳಿದರೆ ಬರುವ ಜ್ವರ. ಕೇರಳದಲ್ಲಿ ಮಳೆಗಾಲದ ಜೊತೆಗೇ ಈ ಹೆಸರೂ ಬರುತ್ತದೆ. ನೀರಿಗಿಳಿದು ಕೆಲಸ ಮಾಡುವವರಿಗೆ ಮುಂಜಾಗ್ರತೆಯ ಮಾತ್ರೆ ಕೊಡುವುದನ್ನು ನಾನೂ ಪತ್ರಿಕೆಯಲ್ಲಿ ಓದಿದ್ದೆ. ಮೈದಾನ ಸುತ್ತುವವರೂ ನೀರಿಗಿಳಿಯುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಆ ಜ್ವರದ ಮುಖ್ಯ ಗುರುತೇ ಮೀನಖಂಡದ ನೋವಂತೆ. ಬೇರೆ ಯಾರಿಗೇ ಆಗಿದ್ದರೂ ಮೊದಲ ದಿನವೇ ಆಸ್ಪತ್ರೆಗೆ ಓಡಿರುತ್ತಿದ್ದರು. ನಾವು ಮಾತ್ರ ಅದಕ್ಕೆ ಶಭಾಷ್ ಹೇಳಿ ರೋಲರ್ ಮೇಲೆ ಉರುಳಿಸಿದ್ದೆವು.

ಮಾರನೆಯ ದಿನ ನನ್ನ ಮೂತ್ರ ನಿಂತೇ ಹೋಯಿತು. ಕುತ್ತಿಗೆಯಲ್ಲಿ ನಳಿಗೆ ಹಾಕಿ ಡಯಾಲಿಸಿಸ್ ಮಾಡಬೇಕೆಂದರು. "ಮೂತ್ರಪಿಂಡ ಮತ್ತೆ ಎಚ್ಚರಾಗುತ್ತಾ?" ಎಂದು ಕೇಳಿದೆ. ಡಾಕ್ಟರ್ ಲೀನಾ ಸುಳ್ಳು ಹೇಳಲಿಲ್ಲ. "ಎಷ್ಟೋ ಜನಕ್ಕೆ ಎಚ್ಚರಾಗುತ್ತೆ. ನಿಮಗೆ ಆಗುತ್ತೆ ಅಂತ ಇವತ್ತು ಹೇಳೋಕಾಗಲ್ಲ, ತಿಳೀತಾ. ಕಾಯಬೇಕು." ಬಸವರಾಜ ನನ್ನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದನ್ನು ಯಾಕೆ ಹಿಡಿದುಕೊಂಡಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಸಿಕ್ಕವರು ಅಣ್ಣಾಚ್ಚಿ. ಹೆಸರು ಬೇರೆ ಇತ್ತು, ಆದರೆ ತಮಿಳು ಮೂಲದ ವ್ಯಾಪಾರಿಗಳನ್ನು ಅಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಚಾಲೈ ಬೀದಿಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ. ನನ್ನ ಪಕ್ಕದ ಡಯಾಲಿಸಿಸ್ ಕುರ್ಚಿಯಲ್ಲಿ, ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಲಾರಿಯವನಿಗೆ ಬೈಯುತ್ತಿದ್ದರು. ಬೈಗುಳ ಮುಗಿದ ಮೇಲೆ ನನ್ನ ಕಡೆ ತಿರುಗಿ ಯಾವ ಊರು ಎಂದರು. ಗದಗ ಎಂದೆ. ಮುಖ ಅರಳಿತು.

"ಹೆಂಗದೀರಿ? ಮಾಲು ಹೆಂಗೈತ್ರಿ?"

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಬಂದು ಕಲಿತ ಕನ್ನಡ ಅಷ್ಟೇ. "ಮಾಲು ಕೆಟ್ಟೈತ್ರಿ ಅಣ್ಣಾಚ್ಚಿ" ಎಂದೆ. ಇಬ್ಬರೂ ನಕ್ಕೆವು. ಆಮೇಲಿನ ಮಾತೆಲ್ಲ ಮಲಯಾಳಂ. ಅವರ ಮಲಯಾಳಂ ಅರ್ಧ ತಮಿಳು, ನನ್ನದು ಅರ್ಧ ಕನ್ನಡ, ಆದರೂ ಒಂದು ಮಾತೂ ಪೋಲಾಗಲಿಲ್ಲ.

ನನ್ನ ಕಥೆ ಕೇಳಿ ಅವರು "ಇಡೀ ದಿನ ಓಡಿದ್ದಕ್ಕೆ ಏನು ಕೊಟ್ರು?" ಎಂದು ಕೇಳಿದರು.

"ಪದಕ."

"ಚಿನ್ನದ್ದಾ?"

"ತಗಡಿಂದು."

"ಅಯ್ಯೋ ಓಟ್ಟಕ್ಕಾರೀ, ನೀವು ವ್ಯಾಪಾರಕ್ಕೆ ಆಗೋರಲ್ಲ!" ಎಂದು ಇಡೀ ಕೋಣೆ ತಿರುಗಿ ನೋಡುವಂತೆ ನಕ್ಕರು. ಅಂದಿನಿಂದ ನನ್ನ ಹೆಸರು ಅಲ್ಲಿ ಓಟ್ಟಕ್ಕಾರಿ, ಓಡುವವಳು.

ಅವರು ವರ್ಷಗಳಿಂದ ವಾರಕ್ಕೆ ಮೂರು ದಿನ ಆ ಕುರ್ಚಿಗೆ ಬರುತ್ತಿದ್ದರು. ಅವರ ಮೂತ್ರಪಿಂಡ ಎಚ್ಚರಾಗುವಂಥದ್ದಲ್ಲ. ಬದಲಿ ಮೂತ್ರಪಿಂಡ ಹಾಕುವ ಶಸ್ತ್ರಚಿಕಿತ್ಸೆಯನ್ನು ತಾಳುವ ಶಕ್ತಿ ಅವರ ಹೃದಯಕ್ಕಿಲ್ಲ. ಬರುತ್ತಾರೆ, ಸೂಜಿ ಚುಚ್ಚಿಸಿಕೊಳ್ಳುತ್ತಾರೆ, ನಾಲ್ಕು ತಾಸು ಕೂರುತ್ತಾರೆ, ಆಟೋ ಹಿಡಿದು ನೇರ ಅಂಗಡಿಗೆ ಹೋಗುತ್ತಾರೆ. ಗೋಳಾಡಿದ್ದನ್ನು ನಾನು ಕಾಣಲಿಲ್ಲ. ಮೊದಲ ದಿನ ನಳಿಗೆಯಲ್ಲಿ ನನ್ನದೇ ರಕ್ತ ಹೊರಗೆ ಹೋಗುವುದನ್ನು ಕಂಡು ಹಲ್ಲು ಕಟಕಟಿಸಿದಾಗ ಅವರು, "ಆ ಕಡೆ ನೋಡಬೇಡಿ, ನನ್ನ ಕಡೆ ನೋಡಿ. ಬ್ಯಾಡಗಿಯಲ್ಲಿ ಈಗ ಬಿಸಿಲಾ?" ಎಂದು ಶುರುಮಾಡಿ, ಮೆಣಸಿನಕಾಯಿಯ ಬಣ್ಣ, ಘಾಟು, ತೊಟ್ಟು ಎಂದು ಹೇಳುತ್ತ ಹೋದರು. ನನ್ನ ಹಲ್ಲಿನ ಕಟಕಟ ನಿಂತಿತು. ದೀರ್ಘ ಓಟದವರು ಎಂದು ಎದೆಯುಬ್ಬಿಸಿದ್ದ ನಮ್ಮ ಗುಂಪನ್ನೆಲ್ಲ ಕರೆತಂದು ಈ ಮನುಷ್ಯನ ಮುಂದೆ ನಿಲ್ಲಿಸಬೇಕು ಅನಿಸಿತು. ನಮ್ಮ ಓಟಕ್ಕೆ ಸಂಜೆಗಾದರೂ ಒಂದು ಕೊನೆ ಇರುತ್ತದೆ.

ಓಟದಿಂದಲೇ ಹೀಗಾಯಿತೇ ಎಂದು ಡಾಕ್ಟರ್ ಲೀನಾರನ್ನು ಕೇಳಿದೆ. ಅವರು ಹಾಸಿಗೆಯ ಅಂಚಿನಲ್ಲಿ ಕೂತರು. "ಇಲಿ, ನೀವು ನುಂಗಿದ ಮಾತ್ರೆ, ನಿಮ್ಮ ಓಟ, ಮೂವರೂ ಸೇರಿ ಮಾಡಿದ್ದು. ಯಾರ ಪಾಲು ಎಷ್ಟು ಅಂತ ಹೇಳೋಕಾಗಲ್ಲ. ಅಷ್ಟು ಓಡಿದ ಮೇಲೆ ಮೈ ಕಾಯೋ ಕಾವಲುಗಾರರು ಸುಸ್ತಾಗಿ ಮಲಗ್ತಾರೆ ಅಂತ ಕೆಲವರು ಹೇಳ್ತಾರೆ, ಮಲಗಲ್ಲ, ಬೇರೆ ಕಡೆ ಕೆಲಸಕ್ಕೆ ಹೋಗಿರ್ತಾರೆ ಅಂತ ಇನ್ನು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಅನ್ನ ಹಾಕದೆ ಕಾವಲಿಗೆ ನಿಲ್ಲಿಸಿದ್ದು ಮಾತ್ರ ನೀವು."

ಸ್ವೆಟರ್, ಕೂದಲು, ನಿಂತ ಮುಟ್ಟು, ನಿಧಾನವಾದ ನಾಡಿ ಎಲ್ಲವನ್ನೂ ಆಗ ಹೇಳಿದೆ. ಅವರು ಬೈಯಲಿಲ್ಲ. "ಎಂಥಾ ಜಾಣ ಶರೀರ ಮೋಳೇ ನಿಮ್ಮದು!" ಎಂದರು. "ಬರುವಳಿ ಇಲ್ಲ ಅಂತ ಗೊತ್ತಾದ ಕೂಡಲೇ ಒಂದೊಂದೇ ಕೋಣೆಯ ದೀಪ ಆರಿಸ್ತಾ ಬಂದಿದೆ. ಓಡೋ ಕೋಣೆಯ ದೀಪ ಮಾತ್ರ ಆರಿಸಲಿಲ್ಲ ನೋಡಿ, ನಿಮಗೆ ಅದು ಇಷ್ಟ ಅಂತ." ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ನನ್ನ ದೇಹ ನನಗಿಂತ ಚೆನ್ನಾಗಿ ತಿಳಿದಿತ್ತು. ಅದರ ಮೇಲೆ ಆ ದಿನ ಬಂದಷ್ಟು ಪ್ರೀತಿ ಯಾವ ಗೆಲುವಿನ ದಿನವೂ ಬಂದಿರಲಿಲ್ಲ.

ಅನನ್ಯಾಳಿಗೆ ಮಾತ್ರ ಈ ಮೆಚ್ಚುಗೆ ಯಾವುದೂ ಬೇಡವಾಗಿತ್ತು. ಮಾತಿನ ನಡುವೆ ನನ್ನ ಓಟದ ಗಡಿಯಾರ ಎಲ್ಲಿದೆ ಎಂದು ಕೇಳಿಬಿಟ್ಟೆ. "ಅಮ್ಮಯ್ಕ್ ಇನಿಯುಂ ಮತಿಯಾಯಿಲ್ಲೇ?" ಎಂದಳು. ಅಮ್ಮನಿಗೆ ಇನ್ನೂ ಸಾಕಾಗಿಲ್ಲವೇ ಎಂದು. ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಕರೆದೆ, ಬಂದಳು, ಕುತ್ತಿಗೆಯ ನಳಿಗೆಗೆ ತಾಗದಂತೆ ಮೆಲ್ಲಗೆ ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟಳು.

ಕಾಯುವುದು ಓಡುವುದಕ್ಕಿಂತ ಕಷ್ಟ. ಬೆಳಿಗ್ಗೆ ನರ್ಸ್ ಬಂದು ಮೂತ್ರದ ಚೀಲವನ್ನು ನೋಡಿ ಏನೂ ಹೇಳದೆ ಹೋಗುತ್ತಿದ್ದಳು, ನಾನು ಅವಳ ಮುಖ ನೋಡಿ ಕಣ್ಣು ಮುಚ್ಚುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅವಳು ಹೋಗದೆ ಅಲ್ಲೇ ನಿಂತಳು. ಚೀಲವನ್ನು ಬೆಳಕಿಗೆ ಹಿಡಿದು, ನನಗೂ ತೋರಿಸಿ, ಹಲ್ಲು ಬಿಟ್ಟು ನಕ್ಕಳು. ತಿಳಿ ಹಳದಿ, ಚೀಲದ ತಳದಲ್ಲಿ ಚೂರೇ ಚೂರು. ಬಸವರಾಜ ಮೊಗಸಾಲೆಗೆ ಹೋಗಿ ಗದಗಿಗೆ ಫೋನ್ ಹಚ್ಚಿದರು. "ಅವ್ವಾ! ನಿನ್ನ ಸೊಸಿ ಉಚ್ಚಿ ಹೊಯ್ದಳು! ಹ್ಞೂಂ, ತಾನಾಗೇ ಹೊಯ್ದಳು!" ಕೇರಳದ ಪುಣ್ಯ, ಅಲ್ಲಿದ್ದವರಿಗೆ ಅದು ಅರ್ಥವಾಗಲಿಲ್ಲ. ಆದರೆ ಅಳುತ್ತ ನಗುತ್ತಿದ್ದ ಆ ದೊಡ್ಡ ಗಂಡಸನ್ನು ನೋಡಿ ಎಲ್ಲರೂ ನಕ್ಕರಂತೆ.

ಆಮೇಲೆ ಮೂತ್ರ ದಿನದಿನಕ್ಕೂ ಹೆಚ್ಚಿತು. ನಳಿಗೆ ತೆಗೆದರು. ಮೊದಲ ಊಟ ಗಂಜಿ ಮತ್ತು ಹೆಸರುಕಾಳು. ಅನ್ನದ ವಾಸನೆಗೆ ಬಾಯಲ್ಲಿ ನೀರೂರಿ, ಚಮಚ ಬಿಟ್ಟು ಬಟ್ಟಲನ್ನೇ ಎತ್ತಿ ಕುಡಿದೆ. ಈಗ ದಿನಕ್ಕೆ ಎರಡು ಹೊತ್ತು ಅನ್ನ, ರೊಟ್ಟಿ ಉಣ್ಣುತ್ತೇನೆ. ಸ್ವೆಟರ್ ಪೆಟ್ಟಿಗೆ ಸೇರಿತು. ಕೆಲವು ತಿಂಗಳ ಮೇಲೆ ಮುಟ್ಟೂ ಮರಳಿತು, ವಯಸ್ಸಾಗಿರಲಿಲ್ಲ, ಮೈ ಹಸಿದಿತ್ತು ಅಷ್ಟೇ. ಡಾಕ್ಟರ್ ಒಪ್ಪಿದ ಮೇಲೆ ಕಲೆಕ್ಟರೇಟ್ ಸುತ್ತ ಸ್ವಲ್ಪ ಓಡುತ್ತೇನೆ. ನಮ್ಮ ಗುಂಪಿನಲ್ಲಿ ಈಗ ಜ್ವರ ಎಂದು ಯಾರಾದರೂ ಬರೆದರೆ ಮೊದಲು ಕೇಳುವವರು ಬಿಜು ಚೇಟ್ಟನ್, "ಮೂತ್ರದ ಬಣ್ಣ ಏನು?" ಎಂದು.

ತಪಾಸಣೆಗೆಂದು ತಿರುವನಂತಪುರಕ್ಕೆ ಹೋದಾಗಲೆಲ್ಲ ಅಣ್ಣಾಚ್ಚಿಯನ್ನು ನೋಡಿ ಬರುತ್ತಿದ್ದೆ. ಕೊನೆಯ ತಪಾಸಣೆಯ ದಿನ, ಇನ್ನು ಬರುವ ಅಗತ್ಯವಿಲ್ಲ ಎಂದು ಡಾಕ್ಟರ್ ಲೀನಾ ಬೆನ್ನು ತಟ್ಟಿ ಕಳಿಸಿದ ಮೇಲೆ, ಮೇಲಿನ ಮಹಡಿಗೆ ಹತ್ತಿದೆ. ಅವರು ಅದೇ ಕುರ್ಚಿಯಲ್ಲಿದ್ದರು, ಇನ್ನಷ್ಟು ಸೊರಗಿದ್ದರು, ದನಿ ಮಾತ್ರ ಇಳಿದಿರಲಿಲ್ಲ. ಸುದ್ದಿ ಹೇಳುವಾಗ ನನಗೆ ಸಂಕೋಚವಾಯಿತು. ಅವರಿಗೆ ಸಿಗದ್ದು ನನಗೆ ಸಿಕ್ಕಿತ್ತು.

"ಪೂರ್ತಿ ವಾಸಿಯಾ? ನೀರು ಎಷ್ಟು ಬೇಕಾದರೂ ಕುಡೀಬಹುದಾ?"

"ಕುಡೀಬಹುದು ಅಣ್ಣಾಚ್ಚಿ."

ಅವರಿಗೆ ಇಡೀ ದಿನಕ್ಕೆ ಎರಡು ಸಣ್ಣ ಲೋಟ ನೀರು ಮಾತ್ರ. ಹೆಚ್ಚಾದರೆ ಎದೆಗೆ ತುಂಬಿಕೊಳ್ಳುತ್ತದೆ. ಅವರು ನರ್ಸನ್ನು ಕೂಗಿ, ಫ್ರಿಜ್ಜಿನಿಂದ ಒಂದು ಬಾಟಲಿ ನೀರು ತರಿಸಿದರು. ನನ್ನ ಕೈಗೆ ಕೊಡಿಸಿದರು.

"ಕುಡೀರಿ. ಗುಟುಕು ಗುಟುಕಾಗಿ ಬೇಡ, ಗಟಗಟ ಕುಡೀರಿ. ನಾನು ನೋಡಬೇಕು."

ನಾನು ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು, ಅವರ ಗಂಟಲೂ ನನ್ನದರ ಜೊತೆಗೆ ಏರಿಳಿಯುತ್ತಿತ್ತು. ಅಳು ಬರುತ್ತಿದ್ದರೂ ನಿಲ್ಲಿಸದೆ ಪೂರ್ತಿ ಕುಡಿದು ಬಾಟಲಿಯನ್ನು ಕೆಳಗಿಟ್ಟೆ.

ಅಣ್ಣಾಚ್ಚಿ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದರು.

"ತಣ್ಣಗಿತ್ತಾ?" ಎಂದರು.

"ತುಂಬ ತಣ್ಣಗಿತ್ತು ಅಣ್ಣಾಚ್ಚಿ" ಎಂದೆ.